ಹತ್ತಿಯ ತೂಕ

ಮಾರ್ಚ್ 3, ಬೆಳಿಗ್ಗೆ 6.40
ತೂಕ 1,540. ನಿನ್ನೆಗಿಂತ ಇಪ್ಪತ್ತು ಗ್ರಾಂ ಕಡಿಮೆ. ನಮ್ಮ ಕೊರಿಯರ್ ಆಫೀಸಿನ ಹಳೇ ತಕ್ಕಡಿ. ಪಾರ್ಸೆಲ್ ವಿಷಯದಲ್ಲಿ ಸುಳ್ಳು ಹೇಳಿದ್ದಿಲ್ಲ, ಮೊಲದ ವಿಷಯದಲ್ಲೂ ಹೇಳಲಾರದು.
ಹತ್ತಿಯ ಜೊತೆಗಾರ ಮೊಲ ಬತ್ತಿ ಸತ್ತು ಒಂಬತ್ತು ದಿನ. ಅಂದಿನಿಂದ ಅವಳು ತಾನಾಗಿ ಒಂದು ಎಸಳು ಹುಲ್ಲು ಮುಟ್ಟಿಲ್ಲ. ನೆನೆಸಿ ಅರೆದ ಮೇವು, ಸಿರಿಂಜಿನಲ್ಲಿ, ದಿನಕ್ಕೆ ಐದು ಸಲ. ಮೊದಲೇ ಹಲ್ಲಿನ ಕಾಯಿಲೆಯವಳು: ದವಡೆ ಹಲ್ಲು ಓರೆಯಾಗಿ ಬೆಳೆಯುತ್ತಲೇ ಇರುತ್ತದೆ, ಆಗಾಗ ಡಾಕ್ಟರಮ್ಮ ಸವೆಸಬೇಕು. ಹುಲ್ಲು ಅಗಿದರೆ ಹಲ್ಲು ಸವೆದೀತು. ಅಗಿಯಲೊಲ್ಲಳು. ಹುಲ್ಲು, ಹಲ್ಲು, ಒಲ್ಲೆ... ಪ್ರಾಸ ಸಿಕ್ಕಿತು, ಪರಿಹಾರ ಸಿಗಲಿಲ್ಲ.

ಮಾರ್ಚ್ 5
1,510. ಡಾಕ್ಟರಮ್ಮ: "ಹಲ್ಲು ಸದ್ಯಕ್ಕೆ ಸರಿಯಾಗೇ ಇದೆ. ತಿನ್ನೋ ಮನಸ್ಸಿಲ್ಲ ಅಷ್ಟೆ. 1,400ಕ್ಕೆ ಇಳಿದ್ರೆ ಉಳಿಯೋದು ಕಷ್ಟ."
"ಜೊತೆಗೆ ಇನ್ನೊಂದು ತಂದ್ರೆ?"
"ಕೆಲವಕ್ಕೆ ಒಳ್ಳೇದಾಗುತ್ತೆ. ಕೆಲವು ಕಚ್ಚಾಡಿ ಇನ್ನೂ ಸೊರಗ್ತವೆ. ಗ್ಯಾರಂಟಿ ಕೊಡೋಕೆ ನಾನೇನು ಮಿಕ್ಸಿ ಮಾರ್ತಿಲ್ಲ."
ಯಾರೋ ಕ್ಲಿನಿಕ್ ಬಾಗಿಲಲ್ಲಿ ಬಿಟ್ಟುಹೋದ ಗಂಡು ಮೊಲ ಇತ್ತು. ಮರಿ ಆಗದಂತೆ ಆಪರೇಷನ್ ಆಗಿದೆ. ಕರೆತಂದೆ. ಡಾಕ್ಟರಮ್ಮನದು ಒಂದೇ ಷರತ್ತು — ಮೊದಲ ಭೇಟಿ ಇಬ್ಬರದೂ ಅಲ್ಲದ ಜಾಗದಲ್ಲಿ.

ಮಾರ್ಚ್ 6, ಸಂಜೆ
ಬತ್ತಿಯ ಗೂಡನ್ನು ಸೋಪು ಹಾಕಿ ಮೂರು ಸಲ ತೊಳೆದು, ಇಬ್ಬರನ್ನೂ ಬಿಟ್ಟೆ. ಸತ್ತವನದು, ಈಗ ಯಾರದೂ ಅಲ್ಲ ಎಂದು ನನ್ನ ತರ್ಕ. ಕಣ್ಣು ಮಿಟುಕಿಸುವಷ್ಟರಲ್ಲಿ ಹೊಸಬನ ಬೆನ್ನಿನ ಕೂದಲು ಹತ್ತಿಯ ಬಾಯಲ್ಲಿ. ಇಷ್ಟು ದಿನದಲ್ಲಿ ಅವಳು ತಾನಾಗಿ ಬಾಯಿಗೆ ಹಾಕಿಕೊಂಡ ಮೊದಲ ಪದಾರ್ಥ.
ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ನಿಮ್ಮ ಭಾವ ತೀರಿಹೋದ ಮೇಲೂ ಅವರ ಕುರ್ಚೀನ ನಾನು ದಿನಾ ಒರೆಸ್ತೀನಿ. ಅದು ಯಾರದೂ ಅಲ್ಲ ಅಂತ ಆಯ್ತೇನೋ?"
ಇಬ್ಬರನ್ನೂ ಬೇರೆ ಬೇರೆ ಬುಟ್ಟಿಗೆ ಹಾಕಿದೆ. ಹೊಸಬನಿಗೆ ಕತ್ತಿ ಎಂದು ಹೆಸರಿಟ್ಟೆ.
"ಕಚ್ಚಿದ್ದು ಇವಳು, ಕತ್ತಿ ಅವನಾ?"
"ಪ್ರಾಸ ಬೇಕಲ್ಲಕ್ಕ."

ಮಾರ್ಚ್ 9, ಭಾನುವಾರ
1,465. ಆಫೀಸಿಗೆ ರಜೆ, ಬೀಗದ ಕೈ ನನ್ನ ಹತ್ತಿರ. ವಿಳಾಸ ಸಿಗದೆ ವಾಪಸಾದ ಪಾರ್ಸೆಲ್‌ಗಳ ಕೋಣೆ. ಯಾರದೂ ಅಲ್ಲದ ಜಾಗ ಎಂದರೆ ಇದೇ. ನಾನು, ಅಕ್ಕ, ಎರಡು ಬುಟ್ಟಿ. ಎರಡು ಗಂಟೆ ರಟ್ಟಿನ ಡಬ್ಬಗಳ ನಡುವೆ ಒಬ್ಬರಿಗೊಬ್ಬರು ಕಾಣದವರಂತೆ ಓಡಾಡಿದರು. ಆಮೇಲೆ ಕತ್ತಿ ಬಂದು ತಲೆ ತಗ್ಗಿಸಿ ಅವಳೆದುರು ಮಲಗಿದ. ಹತ್ತಿ ಯೋಚಿಸಿದಳು... ಹಣೆ ನೆಕ್ಕಿದಳು.
"ಹೇಗೆ ಕಾಲಿಗೆ ಬಿದ್ದ ನೋಡು," ಅಂದಳು ಅಕ್ಕ.

ಮಾರ್ಚ್ 10, 6.40
1,460. ರಾತ್ರಿ ಇಬ್ಬರೂ ಒಂದೇ ಗೂಡಿನಲ್ಲಿದ್ದರು, ಬಟ್ಟಲಿನ ಹುಲ್ಲು ಖಾಲಿ. ತಿಂದವರು ಯಾರು? ಹಿಕ್ಕೆಯ ಮೇಲೆ ಕಳಿಸಿದವರ ವಿಳಾಸ ಇರುವುದಿಲ್ಲ.
ಅಕ್ಕ: "ಸಿರಿಂಜ್ ನಿಲ್ಸು. ತಕ್ಕಡಿ ಹೇಳುತ್ತೆ."
"ಹೆಚ್ಚುಕಡಿಮೆ ಆದ್ರೆ?"
"ಒಂದೇ ದಿನ ಕಣೋ. ನಾನು ಪಕ್ಕದಲ್ಲೇ ಕೂತಿರ್ತೀನಿ."

ಮಾರ್ಚ್ 11, 6.40
ಸಿರಿಂಜ್ ಇಲ್ಲದೆ ಇಪ್ಪತ್ನಾಲ್ಕು ಗಂಟೆ. 1,475.
ಇಳಿಸಿ ಮತ್ತೆ ತೂಗಿದೆ. 1,475.
"ಯಾಕೋ ಮುಖ ಹಾಗೆ? ಇಳಿದಿದ್ಯಾ?"
"ಹದಿನೈದು ಏರಿದೆ."
ಅಕ್ಕ ಎದ್ದು, ಹುಲ್ಲಿನ ಚೀಲವನ್ನೇ ಎಳೆದು ತಂದು ಸುರಿದಳು.

ಏಪ್ರಿಲ್ 20
1,690. ಹಲ್ಲು ಮತ್ತೆ ಬೆಳೆದಿತ್ತು, ನಿನ್ನೆ ಸವೆಸಿಕೊಂಡು ಬಂದೆವು. ಕಾಯಿಲೆ ಎಲ್ಲೂ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಮನೆಗೆ ಬಂದ ಗಂಟೆಯೊಳಗೆ ಕತ್ತಿಯ ಬಾಯಿಂದಲೇ ಹುಲ್ಲು ಕಿತ್ತುಕೊಂಡು ತಿಂದಳು.
ಡಾಕ್ಟರಮ್ಮ: "ಚೇತರಿಸಿಕೊಂಡಿದ್ದು ಜೊತೆಯಿಂದಲೇ ಅಂತ ಬರೆದುಕೊಡಲ್ಲ." ಬಿಲ್ ಬರೆಯುತ್ತಾ: "ಅಲ್ಲ ಅಂತಲೂ ಬರೆದುಕೊಡಲ್ಲ."

ಏಪ್ರಿಲ್ 21, 6.40
ತೂಕ 1,7—
ಅಂಕಿ ನಿಲ್ಲುವ ಮೊದಲೇ ಧುಮುಕಿ ಅವನ ಹತ್ತಿರ ಓಡಿದಳು. ಹಿಡಿದು ತಂದೆ.
1,7—
ಮತ್ತೆ ಓಡಿದಳು. ಅಕ್ಕ ನಗುತ್ತಿದ್ದಾಳೆ, ಹಿಡಿಯಲು ಬರುತ್ತಿಲ್ಲ. ಇನ್ನೊಮ್ಮೆ.
1,7