ಹೆಸರು ಹೇಳದೆ ಮಾಡಿದ ಪ್ರಾರ್ಥನೆ

ಸೆಪ್ಟೆಂಬರ್ 3, ಬುಧವಾರ

ಶಾಲೆಯಿಂದ ಬಂದೆ. ಏಳನೇ ಕ್ಲಾಸಿನ ಪೇಪರ್ ತಿದ್ದುವುದು ಇನ್ನೂ ಅರ್ಧ ಬಾಕಿ. ಸಂಜೆ ಮನೆಪ್ರಾರ್ಥನೆ, ನಮ್ಮ ಚಿದ್ರಿ ಗಲ್ಲಿಯ ಹೆಂಗಸರದು. ಎಸ್ತೇರಬಾಯಿ ಇವತ್ತೂ ತಡ. ಚರ್ಚಿನ ಮಹಿಳಾ ಸಂಘದ ಸೆಕ್ರೆಟರಿ ಬೇರೆ. ಚಹಾದ ಹೊತ್ತಿಗೆ ಮಾತ್ರ ಎಂದೂ ತಪ್ಪಿಲ್ಲ ಪುಣ್ಯಾತ್ಗಿತ್ತಿ. ಬಾಯಿಗೆ ಬಂತು, ನುಂಗಿದೆ.

ತಿಂಗಳ ಕೊನೆಗೆ ಮಹಿಳಾ ಭಾನುವಾರ, ಹೆಂಗಸರೇ ಆರಾಧನೆ ನಡೆಸುವ ದಿನ. ಅವತ್ತಿನ ಸಂದೇಶ ನಾನೇ ಕೊಡಬೇಕಂತೆ. ವಿಷಯ — ಪರಿಶುದ್ಧ ಜೀವನ. ಮಾರ್ಗರೆಟ ಟೀಚರ್ ಬಿಟ್ಟರೆ ಇನ್ಯಾರು ಅಂದರಂತೆ ಎಲ್ಲರೂ. ಬೇಡ ಅಂದೆ. ಮತ್ತೊಮ್ಮೆ ಕೇಳಿದರು, ಒಪ್ಪಿಕೊಂಡೆ. ಖುಷಿಯಾಗಿತ್ತು, ಸುಳ್ಳೇಕೆ.

ಸೆಪ್ಟೆಂಬರ್ 7, ಭಾನುವಾರ

ಚರ್ಚಿನಲ್ಲಿ ಅಕ್ಕನ ಮಗಳು ಮರ್ಸಿಯ ಲಗ್ನದ ಮೊದಲ ಪ್ರಕಟಣೆ. ಪಾಸ್ಟರ್ ಓದಿದರು — ವಧು ಮರ್ಸಿ, ಭಾಲ್ಕಿಯಲ್ಲಿ ನರ್ಸ್. ವರ ಜಾನಿ, ಔರಾದದವ. ಯಾರಿಗಾದರೂ ಅಭ್ಯಂತರವಿದ್ದರೆ ಸಭೆಗೆ ತಿಳಿಸಬೇಕು. ಇನ್ನೆರಡು ಭಾನುವಾರ ಹೀಗೆ ಓದಿದರೆ ಮುಗಿಯಿತು. ಅಕ್ಟೋಬರ್ ಎಂಟಕ್ಕೆ ಲಗ್ನ. ಅಕ್ಕ ಇದ್ದಿದ್ದರೆ... ಅಕ್ಕ ಹೋದ ಮೇಲೆ ಈ ಹುಡುಗಿಯನ್ನು ಬೆಳೆಸಿದವಳು ನಾನು. ಕಣ್ಣು ತುಂಬಿದವು, ಸೆರಗು ಒದ್ದೆ.

ಊಟವಾದ ಮೇಲೆ ಅಡುಗೆಮನೆಯಲ್ಲಿ ಮರ್ಸಿ ಮೆಲ್ಲಗೆ ವಿಷಯ ತೆಗೆದಳು. ಅವಳ ಫಿಟ್ಸ್ ವಿಷಯ. ಶಾಲೆಗೆ ಹೋಗುವಾಗಿನಿಂದ ಇದೆ, ಗುಳಿಗೆಯಲ್ಲಿ ಹತೋಟಿಯಲ್ಲಿದೆ, ಕೊನೆಯ ಸಲ ಬಂದು ಎಷ್ಟೋ ವರ್ಷವಾಯಿತು. ಹತ್ತಿರದ ನಾಲ್ಕು ಮಂದಿ ಬಿಟ್ಟರೆ ಹೊರಗೆ ಯಾರಿಗೂ ಗೊತ್ತಿಲ್ಲ.

"ಜಾನಿಗಿ ಎಲ್ಲಾ ಗೊತ್ತದ ಚಿಗವ್ವ. ಅವರವ್ವಗ ಶನಿವಾರ ನಾನ ಹೋಗಿ ಹೇಳ್ತೇನಿ. ಬ್ಯಾರೆಯವರ ಬಾಯಿಂದ ಆಕಿಗಿ ತಿಳೀಬಾರ್ದು."

ಹೂಂ ಅಂದೆ. ನನಗೆ ಬುದ್ಧಿ ಹೇಳಬೇಕೇ? ಇಷ್ಟು ವರ್ಷ ಕಾಪಾಡಿದವಳು ನಾನೇ.

ಸೆಪ್ಟೆಂಬರ್ 10, ಬುಧವಾರ

ಪ್ರಾರ್ಥನೆ ಎಸ್ತೇರಬಾಯಿಯ ಮನೆಯಲ್ಲಿ. ಒಬ್ಬೊಬ್ಬರೂ ತಮ್ಮ ಪ್ರಾರ್ಥನೆಯ ವಿಷಯ ಹೇಳಿದರು. ಒಬ್ಬರಿಗೆ ಮೊಣಕಾಲು, ಒಬ್ಬರಿಗೆ ಮಗನ ನೌಕರಿ. ನನ್ನ ಸರದಿ ಬಂತು. ಶನಿವಾರದ ಚಿಂತೆ ಎದೆಯಲ್ಲಿ ಕೂತಿತ್ತು. ನಮ್ಮಲ್ಲಿ ಒಬ್ಬ ಮಗಳಿದ್ದಾಳೆ, ಫಿಟ್ಸ್ ಬಾಧೆ ಇದೆ, ಲಗ್ನ ಹತ್ತಿರ ಬಂದಿದೆ, ಅತ್ತೆಯಾಗುವವರಿಗೆ ಇನ್ನೂ ಗೊತ್ತಿಲ್ಲ, ಕರ್ತನು ದಾರಿ ಮಾಡಲಿ ಅಂದೆ. ಹೆಸರು ಹೇಳಲಿಲ್ಲ. ಹೆಸರನ್ನು ನಾನು ಎಂದೂ ಹೇಳುವುದಿಲ್ಲ.

ಎಲ್ಲರೂ ಜೋರಾಗಿ ಪ್ರಾರ್ಥಿಸಿದರು. ಎಸ್ತೇರಬಾಯಿ ಅತ್ತೇ ಬಿಟ್ಟಳು. ಮನಸ್ಸು ಹಗುರಾಯಿತು. ನಮ್ಮವರಿಗೆ — ಜೋಸೆಫರಿಗೆ — ಹೇಳಿದೆ. ಗುಲಾಬಿ ಕುಂಡಕ್ಕೆ ನೀರು ಹಾಕುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಅವರ ಬಾಯಿ ತೆರೆಸಲು ಜೆಸಿಬಿ ತರಬೇಕು.

ಸೆಪ್ಟೆಂಬರ್ 12, ಶುಕ್ರವಾರ

ಔರಾದದಿಂದ ಫೋನ್. ಜಾನಿಯ ತಾಯಿ. ನಮಗೆ ಮೋಸ ಮಾಡಿದಿರಿ ಅಂದರು. ಬೇನೆ ಮುಚ್ಚಿಟ್ಟು ಹುಡುಗಿಯನ್ನು ದಾಟಿಸಲು ನೋಡಿದಿರಿ ಅಂದರು. ಯಾರು ಹೇಳಿದರು ಅಂತ ಕೇಳಿದೆ. ಊರೆಲ್ಲಾ ಹೇಳ್ತದ ಅಂತ ಫೋನ್ ಇಟ್ಟುಬಿಟ್ಟರು.

ಮೊಬೈಲ್ ತೆಗೆದು ನೋಡಿದೆ. ನಮ್ಮ ಜಿಲ್ಲೆಯ ಪ್ರಾರ್ಥನಾ ಗ್ರೂಪಿನಲ್ಲಿ, ನಿನ್ನೆ ಬೆಳಿಗ್ಗೆ, ಎಸ್ತೇರಬಾಯಿ ಹಾಕಿದ್ದಾಳೆ — ಔರಾದಿಗೆ ಸೊಸೆಯಾಗಿ ಹೋಗಲಿರುವ ನರ್ಸ್ ಮಗಳಿಗೆ ಫಿಟ್ಸಿನಿಂದ ಬಿಡುಗಡೆಯಾಗುವಂತೆ ಪ್ರಾರ್ಥಿಸಿರಿ. ಕೆಳಗೆ ಸಾಲುಸಾಲು ಕೈಮುಗಿದ ಚಿತ್ರ, ಆಮೆನ್, ಆಮೆನ್. ಅದರಲ್ಲಿ ಔರಾದದವರೂ ಇದ್ದಾರೆ. ಔರಾದಿಗೆ ಹೋಗುವ ನರ್ಸ್ ಇನ್ನೆಷ್ಟು ಮಂದಿ?

ಅವಳೂ ಹೆಸರು ಹೇಳಿಲ್ಲ.

ಸೆಪ್ಟೆಂಬರ್ 13, ಶನಿವಾರ

ಮರ್ಸಿ ಔರಾದಿಗೆ ಹೋಗಬೇಕಾದ ದಿನ. ಇಲ್ಲಿಗೆ ಬಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು. ಜಾನಿ ಫೋನ್ ಎತ್ತುತ್ತಾನೆ, ಅವ್ವ ಸಮಾಧಾನ ಆಗಲಿ ಅನ್ನುತ್ತಾನೆ, ಅಷ್ಟೇ. ಮರ್ಸಿ ಗ್ರೂಪಿನಲ್ಲಿಲ್ಲ, ಆ ಮೆಸೇಜ್ ಕಂಡಿಲ್ಲ. ಊರ ಮಾತು ಅಂತ ಮಾತ್ರ ಗೊತ್ತು.

ಮಂಚದ ಮೇಲೆ ಕೂತು ತಾನೇ ಲೆಕ್ಕ ಹಾಕಿದಳು. ಗೊತ್ತಿದ್ದವರು ಜಾನಿ, ನೀ, ಚಿಗಪ್ಪ, ಕರುಣಾ. ಕರುಣಾ ಅವಳ ರೂಮ್‌ಮೇಟ್, ಅದೇ ಆಸ್ಪತ್ರೆಯ ನರ್ಸ್, ಬೌದ್ಧರ ಹುಡುಗಿ. ಅವಳ ಊರು ಔರಾದ ಕಡೆ. ಹೋದ ವಾರವಷ್ಟೇ ಊರಿಗೆ ಹೋಗಿ ಬಂದಿದ್ದಾಳೆ.

"ಆಕಿನ ಹೇಳ್ಯಾಳ. ನೀ ಅಂತೂ ಹೇಳಾಕಿ ಅಲ್ಲ. ಹೌದಿಲ್ಲೋ?"

ಹೂಂ ಅಂದೆ.

ಅಷ್ಟೇ. ಒಂದು ಹೂಂ. ಯೋಚನೆ ಮಾಡಿ ಅಂದದ್ದಲ್ಲ. ಬಾಯಿ ತಾನೇ ಅಂದಿತು. ಆಮೇಲೆ ಚಹಾ ಮಾಡಿಕೊಟ್ಟೆ.

ಸೆಪ್ಟೆಂಬರ್ 14, ಭಾನುವಾರ

ಎರಡನೇ ಪ್ರಕಟಣೆ ಓದಲಿಲ್ಲ. ಔರಾದದವರು ತಡೆಯಿರಿ ಅಂದರಂತೆ. ಚರ್ಚಿನಲ್ಲಿ ಎಲ್ಲರೂ ನನ್ನ ಕೈ ಹಿಡಿದು ಪ್ರಾರ್ಥನೆ ಮಾಡ್ತೇವ್ರಿ ಟೀಚರ್ ಅಂದರು.

ಸೆಪ್ಟೆಂಬರ್ 22, ಸೋಮವಾರ

ಬರೆಯಲು ಮನಸ್ಸಿರಲಿಲ್ಲ.

ಮರ್ಸಿ ರೂಮ್ ಬದಲಿಸಿದಳು. ಒಬ್ಬಳೇ ಇರುತ್ತಾಳಂತೆ. ಕರುಣಾಳ ಜೊತೆ ಮಾತು ಬಿಟ್ಟಿದ್ದಾಳೆ. ಬಾಯಿ ಬಿಟ್ಟವಳು ಕರುಣಾ ಅಂತ ಸುದ್ದಿ ಇಲ್ಲಿಯ ಸಭೆಯವರೆಗೂ ಬಂದಿದೆ. ಒಬ್ಬಳೇ ಇರಬಾರದು ಅಂತ ಡಾಕ್ಟರು ಹಿಂದೆಯೇ ಹೇಳಿದ್ದರು. ಫೋನಿನಲ್ಲಿ ಹೇಳಿದೆ. ಬೆನ್ನಿಗೆ ಚೂರಿ ಹಾಕುವವರ ಜೊತೆ ಇರುವುದಕ್ಕಿಂತ ಮೇಲು ಅಂದಳು. ಆಗ ಹೇಳಬೇಕಿತ್ತು. ನಾಲಿಗೆ ತುದಿಯವರೆಗೆ ಬಂದಿತ್ತು. ಬಸ್ ಬಂತು ಚಿಗವ್ವ ಅಂತ ಇಟ್ಟಳು. ಬಸ್ ಬಂದದ್ದಕ್ಕೆ ಸಮಾಧಾನವಾಯಿತು ನನಗೆ. ಥೂ.

ದಿನಾ ಬೆಳಿಗ್ಗೆ ಮಂಡಿಯೂರಿ ಕ್ಷಮಿಸು ಕರ್ತನೇ ಅನ್ನುತ್ತೇನೆ. ಅಳುತ್ತೇನೆ. ದೇವರ ಮುಂದೆ ಎಲ್ಲ ಒಪ್ಪಿಕೊಂಡಾಗಿದೆ. ಆದರೂ ಎದ್ದಾಗ ಎದೆಯ ಮೇಲೆ ಅದೇ ಭಾರ.

ಸಂದೇಶ ಅರ್ಧ ಬರೆದಾಗಿದೆ.

ಸೆಪ್ಟೆಂಬರ್ 26, ಶುಕ್ರವಾರ. ಭಾಲ್ಕಿ

ಮರ್ಸಿ ಬಿದ್ದಳು. ಬೆಳಿಗ್ಗೆ ಸ್ನಾನಕ್ಕೆ ಹೋದಾಗ ಫಿಟ್ಸ್ ಬಂದಿದೆ. ರೂಮಿನಲ್ಲಿ ಯಾರೂ ಇಲ್ಲ. ಡ್ಯೂಟಿಗೆ ಬರಲಿಲ್ಲವೆಂದು ಹುಡುಕಿಕೊಂಡು ಹೋದವಳು ಕರುಣಾ. ಬಾಗಿಲು ಒಡೆಸಿದಳಂತೆ. ಹಣೆಗೆ ಹೊಲಿಗೆ, ಒಂದು ಕಣ್ಣು ಊದಿದೆ. ಜೀವ ಉಳಿದದ್ದು ದೇವರ ದಯೆ, ಮತ್ತೆ ಕರುಣಾಳದು.

ಮರ್ಸಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ. ಕರುಣಾ ಒಳಗೆ ಬಂದರೆ ಕಣ್ಣು ಮುಚ್ಚುತ್ತಾಳೆ. ಆ ಹುಡುಗಿ ಸಲೈನ್ ನೋಡಿ ಸುಮ್ಮನೆ ಹೊರಗೆ ಹೋಗುತ್ತಾಳೆ. ವರಾಂಡದಲ್ಲಿ ನನ್ನನ್ನು ನಿಲ್ಲಿಸಿದಳು.

"ಟೀಚರ್, ನಾ ಯಾರಿಗೂ ಹೇಳಿಲ್ರಿ. ನಮ್ಮವ್ವಗ ಸೈತ ಹೇಳಿಲ್ರಿ. ನೀವು ಒಂದ್ ಮಾತ ಹೇಳ್ರಿ ಆಕಿಗಿ. ನಿಮ್ಮ ಮಾತ ನಂಬ್ತಾಳ."

ನೋಡೋಣ ಅಂದೆ. ಒಂದು ಹೂಂ ಆಯಿತು, ಈಗ ಒಂದು ನೋಡೋಣ. ನನ್ನಂಥ ಹೇಡಿ ಈ ಭಾಲ್ಕಿಯಲ್ಲಿ ಇನ್ನೊಬ್ಬಳಿಲ್ಲ.

ಯಾಕೆ ಹೇಳಲಾರೆ? ಬರೆದೇ ಬಿಡುತ್ತೇನೆ. ಹೇಳಿದರೆ ಅವಳು ನನ್ನನ್ನು ಬಿಡುತ್ತಾಳೆ. ನನಗೆ ಹೊಟ್ಟೆಯ ಮಕ್ಕಳಿಲ್ಲ. ಅವಳೇ ಇರುವುದು.

ಸೆಪ್ಟೆಂಬರ್ 28, ಭಾನುವಾರ

ಮಹಿಳಾ ಭಾನುವಾರ. ಸಂದೇಶದ ಕೊನೆಗೆ ಎಲ್ಲರ ಮುಂದೆ ಒಪ್ಪಿಕೊಳ್ಳಬೇಕು ಅಂತ ಗಟ್ಟಿ ಮಾಡಿಕೊಂಡು ಹೋಗಿದ್ದೆ. ಪುಲ್ಪಿಟ್ ಹತ್ತಿದೆ. ಪರಿಶುದ್ಧ ಜೀವನದ ಬಗ್ಗೆ ಹೇಳಿದೆ. ಮಾತು ಹರಿಯಿತು, ಅದೇನೂ ಕಡಿಮೆಯಿಲ್ಲ ನನಗೆ. ಕೊನೆಗೆ ಬರೆದ ಕಾಗದ ಮಡಚಿದೆ. "ನಾನೂ ಪಾಪಿಷ್ಠಳೇ, ನನ್ನ ನಾಲಿಗೆಯೂ ಪಾಪ ಮಾಡಿದೆ" ಅಂದೆ. ಮುಂದಕ್ಕೆ ಬರಲಿಲ್ಲ. ಅತ್ತುಬಿಟ್ಟೆ.

ಇಡೀ ಚರ್ಚು ಅತ್ತಿತು. ಇಳಿದು ಬಂದಾಗ ಎಸ್ತೇರಬಾಯಿ ತಬ್ಬಿಕೊಂಡಳು. ಇಷ್ಟು ಓದಿದ್ದರೂ ಎಂಥ ದೀನತೆ ಅಂತ ಪಾಸ್ಟರ್ ಹೊಗಳಿದರು. ಫೋಟೋ ತೆಗೆದರು. ಗ್ರೂಪಿಗೆ ಹಾಕಿದರು.

ಇದಕ್ಕಿಂತ ಕದ್ದು ಸಿಕ್ಕಿಬಿದ್ದಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ 5, ಭಾನುವಾರ

ತಿಂಗಳ ಮೊದಲ ಭಾನುವಾರ, ಕರ್ತನ ಭೋಜನ. ತಪ್ಪು ಒಳಗಿಟ್ಟುಕೊಂಡು ತೆಗೆದುಕೊಳ್ಳಬಾರದು ಅನ್ನುತ್ತಾರೆ. ಎಲ್ಲರ ಜೊತೆ ಎದ್ದೆ, ಹೋದೆ, ವೇದಿಯ ಮುಂದಿನ ಮರದ ಕಟಾಂಜನದ ಬಳಿ ಮಂಡಿಯೂರಿದೆ. ಪಾಸ್ಟರ್ ರೊಟ್ಟಿ ಹಿಡಿದು ಬರುತ್ತಿದ್ದರು. ಕೈ ಮೇಲೇಳಲಿಲ್ಲ. ಎದ್ದು ಬಂದುಬಿಟ್ಟೆ. ಇಷ್ಟು ವರ್ಷದಲ್ಲಿ ಹೀಗೆ ಮಾಡಿದ್ದಿಲ್ಲ. ಬಿಪಿ ಇರಬೇಕು ಅಂತ ಹಿಂದಿನ ಸಾಲಿನಲ್ಲಿ ಪಿಸುಗುಟ್ಟಿದರು.

ಮನೆಗೆ ಬಂದು ಬಾಗಿಲು ಹಾಕಿ ಮತ್ತೆ ಮಂಡಿಯೂರಿದೆ. ಜೋಸೆಫರು ಬಂದು ಬಾಗಿಲಲ್ಲಿ ನಿಂತರು. ಎಲ್ಲ ಗೊತ್ತಿತ್ತು ಅವರಿಗೆ, ಮೊದಲ ದಿನದಿಂದ. ನಾನೇ ಮರ್ಸಿಗೆ ಹೇಳಲಿ ಅಂತ ಕಾದಿದ್ದರು.

"ನೀ ತಪ್ ಮಾಡಿದ್ದು ಮರ್ಸಿಗಿ. ಆಕಿ ಭಾಲ್ಕ್ಯಾಗ ಬಿದ್ದಾಳ. ನೀ ಇಲ್ಲಿ ಮಂಡಿ ಊರಿ ಏನ್ ಮಾಡ್ತಿ?"

ಸಿಟ್ಟು ಬಂತು. ನಿಮಗೇನು ಗೊತ್ತು ಹೆಂಗಸರ ಕಷ್ಟ ಅಂತ ಒದರಿದೆ. ಅವರು ಒಳಗೆ ಹೋಗಿ ನನ್ನ ಬ್ಯಾಗ್ ತಂದು ಕುರ್ಚಿಯ ಮೇಲಿಟ್ಟರು.

ಅಕ್ಟೋಬರ್ 6, ಸೋಮವಾರ

ದಸರಾ ರಜೆ. ಬೆಳಗಿನ ಬಸ್ಸಿಗೆ ಭಾಲ್ಕಿಗೆ ಹೋದೆ. ರಸ್ತೆಯುದ್ದಕ್ಕೂ ಏನು ಹೇಳಬೇಕು, ಹೇಗೆ ಶುರು ಮಾಡಬೇಕು ಅಂತ ಜೋಡಿಸಿದೆ. ಮೊದಲು ಅವಳ ಮೇಲಿನ ಪ್ರೀತಿ, ಆಮೇಲೆ ಶನಿವಾರದ ಚಿಂತೆ, ಆಮೇಲೆ ಎಸ್ತೇರಬಾಯಿಯ ಮೆಸೇಜ್... ಬಸ್ಸಿಳಿಯುವಾಗ ತಿಳಿಯಿತು, ಜೋಡಿಸಿದ್ದೆಲ್ಲ ನನ್ನ ವಕಾಲತ್ತು.

ಮರ್ಸಿ ಹಾಸಿಗೆಯ ಮೇಲೆ ಕೂತಿದ್ದಳು. ಹೊಲಿಗೆ ಬಿಚ್ಚಿದ್ದಾರೆ, ಹಣೆಯಲ್ಲಿ ಕೆಂಪು ಗೆರೆ. ಚೀಲ ಕೆಳಗಿಡುವ ಮೊದಲೇ ಹೇಳಿದೆ.

"ಕರುಣಾ ಹೇಳಿಲ್ಲ. ನಾ ಹೇಳೀನಿ. ಪ್ರಾರ್ಥನಾದಾಗ ಎಲ್ಲಾರ ಮುಂದ ಹೇಳೀನಿ. ನೀ ಕೇಳಿದಾಗ ಸುಳ್ಳು ಹೂಂ ಅಂದೀನಿ."

ಅವಳು ಕೂಗಾಡಲಿ ಅಂತ ಕಾದೆ. ಮೆಲ್ಲಗೆ ಎದ್ದು ಕಿಟಕಿ ತೆರೆದಳು. ಆ ದಿನ ಬಚ್ಚಲಲ್ಲಿ ಎಚ್ಚರವಾದಾಗ ಬಾಗಿಲ ಆಚೆ ಕರುಣಾ ತನ್ನ ಹೆಸರು ಹಿಡಿದು ಅಳುತ್ತಿದ್ದದ್ದು ಕೇಳಿಸಿತಂತೆ. ಆಗಲೂ ಮೋಸಗಾತಿ, ನಾಟಕ ಮಾಡ್ತಾಳ ಅಂದುಕೊಂಡಳಂತೆ. ಇದನ್ನು ಹೇಳುವಾಗ ಅವಳ ದನಿ ಒಡೆಯಿತು. ನಾನು ಕಾಲು ಹಿಡಿಯಲು ಹೋದೆ. ಸರಿದುಕೊಂಡಳು.

ಲಗ್ನ ಏನಾಗುತ್ತದೆ ಅಂತ ಕೇಳಿದೆ. ಅದು ಜಾನಿಗೆ ಬಿಟ್ಟದ್ದು, ತನಗಿನ್ನು ಅದರ ದರಕಾರ ಇಲ್ಲ ಅಂದಳು. ದರಕಾರ ಇದೆ, ಮುಖ ನೋಡಿದರೆ ಗೊತ್ತಾಗುತ್ತದೆ. ಇಡೀ ಚರ್ಚಿನ ಮುಂದೆ ನಿಂತು ಎಲ್ಲ ಒಪ್ಪಿಕೊಳ್ಳುತ್ತೇನೆ ಅಂದೆ. ಅದಕ್ಕೆ ತಿರುಗಿದಳು.

"ಮತ್ತ ನನ್ನ ಬ್ಯಾನಿ ಸುದ್ದಿನ ಎಲ್ಲಾರ ಮುಂದ ಹೇಳ್ತಿ. ನೀ ಅಳ್ತಿ, ಮಂದಿ ನಿನ್ನ ಹೊಗಳ್ತಾರ. ಬ್ಯಾಡ ಚಿಗವ್ವ. ಕರುಣಾ ಅಲ್ಲ, ನೀ ಅಂತ ಎಲ್ಲಿ ಹೇಳಬೇಕೋ ಅಲ್ಲಿ ಹೇಳು. ನನ್ನ ಹೆಸರು ಮಾತ್ರ ಇನ್ನ ನಿನ್ನ ಪ್ರಾರ್ಥನಾದಾಗ ಬರಬಾರ್ದು. ಮನ್ಯಾಗ ಒಬ್ಬಾಕಿನ ಇದ್ದಾಗೂ ಬ್ಯಾಡ. ನಾ ಹೇಳೂತನಕ."

ಆಯಿತು ಅಂದೆ. ಎಂಥದ್ದಕ್ಕೆ ಒಪ್ಪಿದೆ ಅಂತ ಬಸ್ಸಿನಲ್ಲಿ ಕೂತ ಮೇಲೆ ತಿಳಿಯಿತು.

ಅಕ್ಟೋಬರ್ 8, ಬುಧವಾರ

ಇವತ್ತು ಲಗ್ನ ಆಗಬೇಕಿತ್ತು.

ಮನೆಪ್ರಾರ್ಥನೆ ನಮ್ಮಲ್ಲೇ. ಎಲ್ಲರೂ ಬಂದರು. ಈ ದಿನ ಮರ್ಸಿಗಾಗಿ ವಿಶೇಷ ಪ್ರಾರ್ಥನೆ ಮಾಡೋಣ, ನೀವೇ ನಡೆಸಿರಿ ಅಂದಳು ಎಸ್ತೇರಬಾಯಿ. ಕಣ್ಣು ಮುಚ್ಚಿದರು. ನಾನು ಮುಚ್ಚಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎಸ್ತೇರಬಾಯಿ ಒಂದು ಕಣ್ಣು ತೆರೆದು ನೋಡಿದಳು.

ಆ ಮಾತು ಹೊರಗೆ ಬಿಟ್ಟವಳು ನಾನು, ಭಾಲ್ಕಿಯ ಕರುಣಾ ಅಲ್ಲ ಅಂದೆ. ಇದರಲ್ಲಿ ಕರುಣಾಳ ಹೆಸರು ಯಾರೂ ಎತ್ತಬಾರದು ಅಂದೆ. ಅಳಲಿಲ್ಲ. ನೀವು ಒಳ್ಳೇದಕ್ಕ ಹೇಳಿದ್ರಿ ಟೀಚರ್ ಅಂದರು ಒಬ್ಬರು. ಅಲ್ಲ ಅಂದೆ. ನಿಮ್ಮ ನಡುವೆ ನನಗೇ ಎಲ್ಲ ಗೊತ್ತು ಅಂತ ತೋರಿಸಿಕೊಳ್ಳುವ ಹುಕಿ ಅಂದೆ. ಎಸ್ತೇರಬಾಯಿಯ ಮುಖ ಕೆಂಪಾಯಿತು. ಹಾಗಾದರೆ ಮರ್ಸಿಗಾಗಿ ಈಗಾದರೂ ಅಂತ ಶುರು ಮಾಡಿದಳು. ಇಲ್ಲ, ಈ ಮನೆಯಲ್ಲಿ ಇಲ್ಲ ಅಂದೆ. ಚಹಾ ಕುಡಿಯದೆ ಎದ್ದು ಹೋದರು. ಗ್ರೂಪಿಗೆ ಬರೆದು ಹಾಕಿದೆ — ಕರುಣಾಳ ಮೇಲಿನ ಮಾತು ಸುಳ್ಳು, ತಪ್ಪು ನನ್ನದು. ಒಂದೂ ಆಮೆನ್ ಬಂದಿಲ್ಲ.

ಈಗ ಮನೆ ಖಾಲಿ. ಜೋಸೆಫರು ಹಿತ್ತಲಲ್ಲಿದ್ದಾರೆ. ಒಬ್ಬಳೇ ಮಂಡಿಯೂರಿದೆ. ಜೋಸೆಫರಿಗಾಗಿ ಬೇಡಿದೆ. ಕರುಣಾಳಿಗಾಗಿ. ಜಾನಿಗಾಗಿ, ಅವನ ತಾಯಿಗಾಗಿ. ಎಸ್ತೇರಬಾಯಿಗಾಗಿ ಸಹ. ಆಮೇಲೆ ತುಟಿ ತಾನೇ ಆ ಹೆಸರಿಗೆ —

ಎದ್ದು ಬಂದು ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿಯಾದರೂ... ಇದು ಪ್ರಾರ್ಥನೆ ಅಲ್ಲವಲ್ಲ. ಕರ್ತನೇ, ನಿನಗೆ ಗೊತ್ತು ನಾನು ಯಾರಿಗಾಗಿ —