ಕೊಂಬು ಸೊಟ್ಟಗಿದ್ದ ಮುಖದ ಹೆಸರು ಕೇಳಿದವರಿಗೆ

ಜಿಲ್ಲಾಡಳಿತದ ಮುಖ್ಯಾಧಿಕಾರಿಗಳೇ,

ಡಿಸೆಂಬರ್ ಐದರಂದು ನಮ್ಮ ಕಣಿವೆಯಲ್ಲಿ ಕೊಂಬಿನ ದೆವ್ವದ ವೇಷದವರ ಕ್ರಾಂಪಸ್ ಓಟ ನಡೆಯಬೇಕಾದರೆ, ಅಂದು ಮುಖವಾಡ ತೊಡುವ ನಲವತ್ತೊಂದು ಜನರ ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು ಬರೆದ ಪಟ್ಟಿಯನ್ನು ಹದಿನಾಲ್ಕು ದಿನದೊಳಗೆ ಒಪ್ಪಿಸಬೇಕೆಂದು, ಮುಖವಾಡ ಕೆತ್ತುವ ನನಗೆ ತಮ್ಮ ಕಚೇರಿಯಿಂದ ನೋಟೀಸು ಬಂದಿದೆ. ಕಾರಣದ ಜಾಗದಲ್ಲಿ ‘ಭಯೋತ್ಪಾದನೆ ತಡೆ’ ಎಂದಿದೆ. ನಾನು ಪಟ್ಟಿ ಕೊಡುವುದಿಲ್ಲ. ಯಾಕೆ ಕೊಡುವುದಿಲ್ಲ ಎಂಬುದನ್ನು ತಮ್ಮ ಕಚೇರಿಯ ಕಿಂಡಿಯಲ್ಲಿ ಪಿಸುಗುಟ್ಟುವ ಬದಲು ನಾಲ್ಕು ಜನಕ್ಕೆ ಕೇಳುವಂತೆ ಹೇಳಿಬಿಡೋಣ ಎಂದು ಈ ಪತ್ರವನ್ನು ಪತ್ರಿಕೆಗೆ ಕೊಟ್ಟಿದ್ದೇನೆ.

ನಾನು ಸ್ವಲ್ಪ ಅನುಮಾನದ ಹೆಂಗಸು. ಮರದಲ್ಲಿ ಒಳಗಂಟು ಎಲ್ಲಿದೆ ಎಂದು ತಟ್ಟಿ ನೋಡದೆ ಉಳಿ ಇಡುವವಳಲ್ಲ. ತಮ್ಮ ನೋಟೀಸನ್ನೂ ಹಾಗೆಯೇ ತಟ್ಟಿ ನೋಡಿದೆ. ಹೆಸರು ಸರಿ, ವಯಸ್ಸು ಸರಿ. ಹುಟ್ಟಿದ ಊರು ಯಾತಕ್ಕೆ? ಆಡಿನ ಚರ್ಮ ಹೊದ್ದು, ಸೊಂಟಕ್ಕೆ ಹಸುವಿನ ಗಂಟೆ ಕಟ್ಟಿಕೊಂಡು, ಬರ್ಚ್ ಮರದ ಕಡ್ಡಿಗಳ ಬರಲು ಹಿಡಿದು ಬೀದಿಯಲ್ಲಿ ಕುಣಿಯುವ ದೆವ್ವ ಎಲ್ಲಿ ಹುಟ್ಟಿದರೆ ತಮಗೇನು?

ಭಯವೇ ಸುಳ್ಳು ಎಂದು ನಾನು ಹೇಳುತ್ತಿಲ್ಲ. ವಿಯೆನ್ನಾದಲ್ಲಿ ಗುಂಡು ಹಾರಿದ ದಿನ ನನ್ನ ತಂಗಿಯ ಮಗಳು ಅಲ್ಲೇ ಪಕ್ಕದ ಬೀದಿಯ ಹೋಟೆಲಿನ ತಂಪು ಕೋಣೆಯಲ್ಲಿ ಹಂದಿಮಾಂಸದ ನಡುವೆ ನಾಲ್ಕು ಗಂಟೆ ಅಡಗಿ ಕುಳಿತಿದ್ದಳು. ಇವತ್ತಿಗೂ ಪಟಾಕಿ ಸದ್ದಿಗೆ ಅವಳು ಮೇಜಿನ ಕೆಳಗೆ ಹೋಗುತ್ತಾಳೆ. ಕೊಂದವನನ್ನು, ಕೊಲ್ಲಲು ಹೊರಟವನನ್ನು ಹಿಡಿಯಿರಿ. ನನ್ನ ಮನೆಯ ಬಾಗಿಲನ್ನೂ ಬೇಕಾದರೆ ತೆರೆದಿಡುತ್ತೇನೆ. ಆದರೆ ಆ ಮಗುವಿನ ಭಯವನ್ನು ಕೊಡೆಯ ಹಾಗೆ ಹಿಡಿದುಕೊಂಡು ಅದರ ಕೆಳಗೆ ತಾವು ಬೇರೆ ಏನನ್ನೋ ಸಾಗಿಸುತ್ತಿದ್ದೀರಿ ಎಂಬುದು ನನ್ನ ಗುಮಾನಿ.

ಸ್ವಲ್ಪ ಹಿಂದಿನಿಂದ ನೋಡೋಣ. ಬೇರೆ ದೇಶಗಳ ರಾಜಧಾನಿಗಳಲ್ಲಿ ಬಾಂಬು ಸಿಡಿದ ವರ್ಷಗಳಲ್ಲಿ ನಮ್ಮ ಸರ್ಕಾರ ಸಾರ್ವಜನಿಕವಾಗಿ ಮುಖ ಮುಚ್ಚುವುದನ್ನು ನಿಷೇಧಿಸಿತು. ನಮ್ಮ ಕಣಿವೆಯಲ್ಲಿ ಮುಖ ಮುಚ್ಚಿಕೊಂಡು ಓಡಾಡುವ ಹೆಂಗಸರು ಆಗ ಎಷ್ಟು ಮಂದಿ ಇದ್ದರು? ಒಬ್ಬರೂ ಇಲ್ಲ. ಮುಖ ಮುಚ್ಚುವ ಗಂಡಸರು ಮಾತ್ರ ಡಜನ್‌ಗಟ್ಟಲೆ ಇದ್ದರು, ಅವರಿಗೆ ‘ಸ್ಥಳೀಯ ಸಂಪ್ರದಾಯ’ ಎಂಬ ವಿನಾಯಿತಿ ಸಿಕ್ಕಿತು. ಎರಡೂವರೆ ವರ್ಷ ಕಳೆಯುವಷ್ಟರಲ್ಲಿ ಸಾಂಕ್ರಾಮಿಕ ಬಂತು. ಮುಖ ಮುಚ್ಚಿದರೆ ದಂಡ ಎಂಬ ಪ್ರಕಟಣೆಯ ಪಕ್ಕದಲ್ಲೇ ಮುಖ ಮುಚ್ಚದಿದ್ದರೆ ದಂಡ ಎಂಬ ಪ್ರಕಟಣೆಯನ್ನು ತಮ್ಮ ಕಚೇರಿ ಅಂಟಿಸಿತು. ಹಳೆಯದನ್ನು ಕಿತ್ತಿರಲೂ ಇಲ್ಲ. ಎರಡರ ಕೆಳಗೂ ಒಂದೇ ಮುದ್ರೆ ಇತ್ತು, ಎರಡೂ ನಮ್ಮ ಒಳ್ಳೆಯದಕ್ಕೇ ಎಂದು ಬರೆದಿತ್ತು.

ಇನ್ನು ಪೆತಿಮಾತ್ ವಿಷಯ. ನಾನು ಕೆತ್ತಿದ ಮುಖಗಳಿಗೆ ಆಡಿನ ಚರ್ಮದ ಉಡುಪು ಹೊಲಿಯುವವಳು ಅವಳು. ಚೆಚೆನ್ಯದ ಯುದ್ಧದಿಂದ ತಪ್ಪಿಸಿಕೊಂಡು ತಾಯಿಯ ಜೊತೆ ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ತಲೆಗೆ ವಸ್ತ್ರ ಕಟ್ಟುತ್ತಾಳೆ, ಮುಖ ಯಾವತ್ತೂ ಮುಚ್ಚಿದವಳಲ್ಲ. ಹೋದ ವರ್ಷ ಜನವರಿಯಲ್ಲಿ, ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಕೆಳಗಿನ ಚಳಿಯಲ್ಲಿ, ಬಸ್ ನಿಲ್ದಾಣದಲ್ಲಿ ನಾವು ಏಳೆಂಟು ಹೆಂಗಸರು ಉಣ್ಣೆ ಮಫ್ಲರನ್ನು ಮೂಗಿನವರೆಗೆ ಎಳೆದುಕೊಂಡು ನಿಂತಿದ್ದೆವು. ಪೊಲೀಸಿನವನು ಬಂದು ನೇರವಾಗಿ ಅವಳ ಮುಂದೆ ನಿಂತ.

“ಮಫ್ಲರ್ ಕೆಳಗಿಳಿಸಿ ಮೇಡಂ. ಕಾನೂನಿದೆ.”

“ಚಳಿ ಸಾರ್,” ಎಂದಳು ಪೆತಿಮಾತ್.

ಬ್ರೆಡ್ ಅಂಗಡಿಯ ಹೆರ್ಮಿನೆ ಅಜ್ಜಿ ಸುಮ್ಮನಿರುವವಳಲ್ಲ. “ಯಾಕಪ್ಪಾ, ನಂದೂ ಮೂಗು ಮುಚ್ಚಿದೆಯಲ್ಲ, ನನ್ನನ್ಯಾಕೆ ಕೇಳಲ್ಲ? ಮುದುಕಿ ಮುಖ ನೋಡೋಕೆ ಬೇಜಾರಾ?”

“ನೀವು ಯಾರೂಂತ ನನಗೆ ಗೊತ್ತಲ್ಲ ಅಜ್ಜಿ.”

“ಇವಳು ಯಾರೂಂತಾನೂ ಗೊತ್ತು ನಿನಗೆ. ನೀನು ಹಾಕ್ಕೊಂಡಿದ್ದೀಯಲ್ಲ ಆ ಪ್ಯಾಂಟು, ಅದನ್ನ ಕತ್ತರಿಸಿ ಗಿಡ್ಡ ಮಾಡ್ಕೊಟ್ಟೋಳು ಇವಳೇ!”

ಎಲ್ಲರೂ ನಕ್ಕರು, ಅವನೂ ನಕ್ಕ. ನಗುತ್ತಲೇ ದಂಡದ ಚೀಟಿ ಬರೆದು ಪೆತಿಮಾತ್ ಕೈಗೆ ಕೊಟ್ಟ.

ಮರುದಿನ ಅವಳು ನನ್ನ ಕೆಲಸದ ಕೋಣೆಗೆ ಬಂದು ಚರ್ಮದ ಕಟ್ಟನ್ನು ಧೊಪ್ಪೆಂದು ಹಾಕಿದಳು. “ಬುರ್ಗಿ ಅಕ್ಕಾ, ಡಿಸೆಂಬರ್‌ನಲ್ಲಿ ಕೊಂಬಿದ್ರೆ ಮುಖ ಮುಚ್ಕೋಬಹುದು, ಜನವರೀಲಿ ನೆಗಡಿಯಾದ್ರೆ ಮುಚ್ಕೋಬಾರ್ದು. ಹೀಗೇ ತಾನೆ ಕಾನೂನು?”

“ಹೂಂ ಕಣೆ, ಹೆಚ್ಚುಕಮ್ಮಿ ಹಾಗೇ.”

“ಸರಿ ಹಾಗಾದ್ರೆ. ನನಗೂ ಎರಡು ಕೊಂಬು ಮಾಡ್ಕೊಡು.”

ತಮಾಷೆ ಎಂದುಕೊಂಡೆ. ಅವಳು ತಲೆ ಮುಂದಕ್ಕೆ ಚಾಚಿ ಅಳತೆಗೆ ನಿಂತಳು. ಐವತ್ತೈದು ಸೆಂಟಿಮೀಟರ್ ಸುತ್ತಳತೆ. ನನ್ನ ಅಪ್ಪನ ಕಾಲದಲ್ಲಿ ಹೆಂಗಸರು ಓಡುವಂತಿರಲಿಲ್ಲ. ಈಗ ಆರು ಹುಡುಗಿಯರು ಓಡುತ್ತಾರೆ, ಹಳೆಯ ಗಂಡಸರು ಎರಡು ವರ್ಷ ಗೊಣಗಿ ಸುಮ್ಮನಾದರು. ಹಾಗಿರುವಾಗ ಏಳನೆಯವಳು ಯಾಕೆ ಬೇಡ? ಪೈನ್ ಮರದಲ್ಲಿ ಅವಳಿಗೊಂದು ಮುಖ ಕೆತ್ತಿದೆ. ಎಡಗೊಂಬು ಸ್ವಲ್ಪ ಸೊಟ್ಟಗಾಯಿತು.

ನೆನಪಾಯಿತೇ? ಕಳೆದ ಡಿಸೆಂಬರಿನಲ್ಲಿ ಆ ಸೊಟ್ಟಗೊಂಬಿನ ಕ್ರಾಂಪಸ್ಸಿನ ಹೆಗಲಿಗೆ ಕೈ ಹಾಕಿ ತಾವು ಫೋಟೋ ತೆಗೆಸಿಕೊಂಡಿರಿ. ಮರುದಿನದ ಪತ್ರಿಕೆಯ ಮೊದಲ ಪುಟದಲ್ಲಿ ಅದು ಬಂತು, ಕೆಳಗೆ ತಮ್ಮ ಮಾತು: “ಇವರೇ ನಮ್ಮ ಬೇರು. ಹೊರಗಿನಿಂದ ಬಂದವರು ಇದನ್ನು ನೋಡಿ ಕಲಿಯಬೇಕು.” ಪೆತಿಮಾತ್ ಬಾಯಿ ಬಿಡಲಿಲ್ಲ. ಕ್ರಾಂಪಸ್ಸಿಗೆ ಹೇಗೂ ಮಾತಿಲ್ಲವಲ್ಲ, ಬರಿಯ ಗುಟುರು. ಓಟ ಮುಗಿಸಿ ಬಂದು ಮುಖ ಕಳಚಿ, ಬೆವರಿನಲ್ಲಿ ತೊಯ್ದು, ಅವಳು ನನ್ನ ಬೆಂಚಿನ ಮೇಲೆ ಕುಸಿದಳು. “ಜನ ನನ್ನ ನೋಡಿ ಹೆದರಿದ್ರು ಅಕ್ಕಾ. ಮೊದಲನೇ ಸಲ ಅದರಲ್ಲಿ ಖುಷಿ ಆಯ್ತು,” ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ನನಗೆ ಗೊತ್ತಾಗಲಿಲ್ಲ.

ವಸಂತದಲ್ಲಿ ಮದ್ಯದಂಗಡಿಯ ಮೇಜುಗಳಲ್ಲಿ ಗುಸುಗುಸು ಶುರುವಾಯಿತು: ಆ ಫೋಟೋದ ಮುಖವಾಡದೊಳಗೆ ಯಾರೋ ಹೊರದೇಶದವರು ಇದ್ದರಂತೆ. ಅಕ್ಟೋಬರಿನಲ್ಲಿ ತಮ್ಮ ನೋಟೀಸು ಬಂತು, ಹುಟ್ಟಿದ ಊರಿನ ಅಂಕಣದ ಸಮೇತ. ತಾವು ಹುಡುಕುತ್ತಿರುವುದು ಬಾಂಬನ್ನೋ, ಫೋಟೋದಲ್ಲಿ ತಮ್ಮ ಕೈಯ ಕೆಳಗಿದ್ದ ಹೆಗಲನ್ನೋ? ಬಾಂಬೇ ಆಗಿದ್ದರೆ ಗಂಟೆ ಕಟ್ಟಿದ ಸೊಂಟವನ್ನು ತಡವಿ ನೋಡುತ್ತಿದ್ದಿರಿ. ಪಕ್ಕದ ಕಣಿವೆಗಳಲ್ಲಿ ಹಾಗೆ ಮಾಡುತ್ತಾರೆ, ಯಾರೂ ಬೇಡ ಎಂದಿಲ್ಲ.

ನಮ್ಮ ಕೆಲಸದಲ್ಲಿ ಒಂದು ಕಟ್ಟುಪಾಡು ಇದೆ. ಒಳಗಿರುವುದು ಯಾರೆಂದು ತೊಟ್ಟವರು ಹೇಳಬಹುದು, ಕೆತ್ತಿದವರು ಹೇಳುವಂತಿಲ್ಲ. ಹಾಗಾದರೆ ಪೆತಿಮಾತ್ ಹೆಸರನ್ನು ನಾನೇಕೆ ಬರೆದೆ? ಅವಳೇ ಹೇಳಿದ್ದಕ್ಕೆ. “ಬರಿ ಅಕ್ಕಾ. ಬಚ್ಚಿಟ್ಟಷ್ಟೂ ಅವರ ಅನುಮಾನ ಬೆಳೆಯುತ್ತೆ. ಪೆತಿಮಾತ್ ಇಸ್ಮಾಯಿಲೋವಾ ಅಂತ ಪೂರ್ತಿ ಬರಿ. ಹುಟ್ಟಿದ್ದು ಗ್ರೋಝ್ನಿ. ನಾನು ಹುಟ್ಟಿದ ಬೀದಿ ಈಗಿಲ್ಲ, ಅದನ್ನೂ ಬರಿ.” ಅವಳ ಪೌರತ್ವದ ಅರ್ಜಿ ನಾಲ್ಕು ವರ್ಷದಿಂದ ತಮ್ಮ ಮೇಜಿನ ಮೇಲಿದೆ. ಅದು ಗೊತ್ತಿದ್ದೂ ಬರಿ ಎಂದಳು. ನನಗೆ ಅಷ್ಟು ಧೈರ್ಯ ಇರುತ್ತಿರಲಿಲ್ಲ.

ಇನ್ನು ತಾವು ಕೇಳಿದ ಪಟ್ಟಿ. ಅದು ಅಪ್ಪನ ಕಾಲದಿಂದ ಬಂದ ಅಳತೆ ಪುಸ್ತಕದಲ್ಲಿದೆ: ಯಾರ ತಲೆ ಎಷ್ಟು, ಯಾರಿಗೆ ಯಾವ ಮುಖ. 1987ರ ಓಟದ ದಿನ ನನಗೆ ಹದಿನೈದು ವರ್ಷ. ಹಲ್ಲು ಮುರಿದ ಮುಖದ ಕ್ರಾಂಪಸ್ ಒಬ್ಬ, ಕಂಠಪೂರ್ತಿ ಕುಡಿದವನು, ಔಷಧಿ ಅಂಗಡಿಯ ಗಾಜು ಒಡೆದು, ಮೂಲೆಗೆ ಸಿಕ್ಕ ನನ್ನ ಬಲಗಾಲಿಗೆ ಬರಲಿನ ಹಿಡಿಯಿಂದ ಮೂಳೆ ಕಾಣುವ ಹಾಗೆ ಬಾರಿಸಿದ. ಪೊಲೀಸರು ಬಂದು ಅಪ್ಪನನ್ನು ಕೇಳಿದರು. “ಕೆತ್ತೋದಷ್ಟೇ ನನ್ನ ಕೆಲಸ ಸಾರ್, ಒಳಗೆ ಯಾರಿದ್ರೋ ನಂಗೊತ್ತಿಲ್ಲ,” ಎಂದ ಅಪ್ಪ, ಹಾಸಿಗೆಯಲ್ಲಿ ಮಲಗಿದ್ದ ನನ್ನ ಎದುರಿಗೇ. ಅವನ ಮೇಲೆ ನಾನು ಇಪ್ಪತ್ತು ವರ್ಷ ಸಿಟ್ಟಿನಲ್ಲಿದ್ದೆ. ಅವನು ಸತ್ತ ಮೇಲೆ ಪುಸ್ತಕ ತೆರೆದೆ. ಹಲ್ಲು ಮುರಿದ ಮುಖದ ಮುಂದೆ ಹತ್ತೊಂಬತ್ತು ವರ್ಷದ ಒಬ್ಬ ಹುಡುಗನ ಹೆಸರಿತ್ತು, ತಲೆ ಐವತ್ತೊಂಬತ್ತು ಸೆಂಟಿಮೀಟರ್. ಅದರ ಕೆಳಗೆ ಅಪ್ಪನ ಅಕ್ಷರ: ‘ಇವನಿಗೆ ಇನ್ನು ಮುಖ ಇಲ್ಲ.’

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಕಟ್ಟುಪಾಡು ಮುರಿಯುವುದಿಲ್ಲ. ತಮ್ಮ ನೋಟೀಸು ಬಂದ ದಿನ ಅದರ ಕೆಳಗಿದ್ದ ತಮ್ಮ ಸಹಿ ಓದಲು ಕನ್ನಡಕವನ್ನು ಒರೆಸಿ ಎರಡನೆಯ ಸಲ ಹಾಕಿಕೊಂಡೆ ಎಂದಷ್ಟೇ ಹೇಳುತ್ತೇನೆ. ಆ ಹುಡುಗ ಹುಟ್ಟಿದ ಊರು ಯಾವುದು ಗೊತ್ತೇ? ಇದೇ ಕಣಿವೆ, ಚರ್ಚಿನ ಹಿಂದಿನ ಮೂರನೇ ಮನೆ. ತಮ್ಮ ಅಂಕಣ ಅವನಲ್ಲಿ ಯಾವ ದೋಷವನ್ನೂ ಕಾಣುತ್ತಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನೋಟೀಸನ್ನು ಹಿಂದಕ್ಕೆ ತೆಗೆದುಕೊಳ್ಳಿ. ಅಂದು ಬೇಕಾದರೆ ಸೊಂಟ ತಡವಿ, ಚೀಲ ನೋಡಿ, ಹುಟ್ಟಿದ ಊರು ಕೇಳಬೇಡಿ. ಪೆತಿಮಾತ್ ಈ ವರ್ಷವೂ ಓಡುತ್ತಾಳೆ, ಅವಳನ್ನು ತಡೆಯಬೇಡಿ, ಅವಳ ಅರ್ಜಿಯನ್ನು ಅರ್ಜಿಯಾಗಿ ನೋಡಿ. ಇಲ್ಲ, ಪಟ್ಟಿಯೇ ಬೇಕು ಎನ್ನುವುದಾದರೆ ತಮ್ಮ ನಮೂನೆಯನ್ನು ಈ ಪತ್ರದ ಜೊತೆ ವಾಪಸು ಕಳಿಸುತ್ತಿದ್ದೇನೆ. ಮೊದಲ ಸಾಲನ್ನು ಪೆತಿಮಾತ್ ತನ್ನ ಕೈಯಾರೆ ತುಂಬಿದ್ದಾಳೆ. ಎರಡನೆಯ ಸಾಲನ್ನು ಖಾಲಿ ಬಿಟ್ಟಿದ್ದೇನೆ. ತೊಟ್ಟವರೇ ಹೇಳಬೇಕಲ್ಲ, ತಾವೇ ತುಂಬಿ ಕಳಿಸಿ. ಅದು ಬಂದ ದಿನ ಉಳಿದ ನಲವತ್ತು ಮಂದಿಯನ್ನು ಕೇಳಿ ನೋಡುತ್ತೇನೆ.

ಇಂತಿ,
ಬಲಗಾಲಿನ ಕಲೆ ಕಾಣದಿರಲೆಂದು ಬೇಸಿಗೆಯಲ್ಲೂ ಉದ್ದ ಕಾಲುಚೀಲ ತೊಡುವ (ಇದಕ್ಕೂ ನಿಷೇಧವಿದ್ದರೆ ತಿಳಿಸುವುದು)
ವಾಲ್ಬುರ್ಗಾ ಲೆಹ್ನರ್,
ಮುಖ ಕೆತ್ತುವವಳು