ಜಾವಾ ಕಲಿತವಳನ್ನು ವೆಬ್ ಡಿಸೈನ್ ಪರೀಕ್ಷೆಗೆ ಕೂರಿಸಬೇಡಿ

ಪದವಿ ಕಾಲೇಜುಗಳ ಕೌಶಲ ಕೋರ್ಸುಗಳನ್ನು ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ಆರು ತಿಂಗಳು ಜಾವಾ ಕಲಿತವಳಿಗೆ ತಾವು ವೆಬ್ ಡಿಸೈನ್ ಪರೀಕ್ಷೆಯ ಹಾಲ್ ಟಿಕೆಟ್ ಕಳಿಸಿದ್ದೀರಿ. ಪರೀಕ್ಷೆಗೆ ಹನ್ನೊಂದು ದಿನಗಳಿವೆ. ತಮ್ಮ ಯೋಗಕ್ಷೇಮ ವಿಚಾರಿಸುವಷ್ಟು ವ್ಯವಧಾನ ನನಗಿಲ್ಲ, ಮನ್ನಿಸಬೇಕು.

ನಾನು ಹೊಂಬಳದಿಂದ ದಿನಾ ಬಸ್ಸಿನಲ್ಲಿ ಗದಗಿಗೆ ಹೋಗಿ ಬಿಕಾಂ ಕೊನೆಯ ವರ್ಷ ಓದುತ್ತಿರುವವಳು. ಶ್ರಾವಣದಲ್ಲಿ ತಮ್ಮ ಸುತ್ತೋಲೆ ಬಂತು. ಪೈಥಾನ್, ಜಾವಾ, ವೆಬ್ ಡಿಸೈನ್, ಈ ಮೂರರಲ್ಲಿ ಒಂದನ್ನು ಏಳು ದಿನಗಳೊಳಗೆ ಪೋರ್ಟಲ್‌ನಲ್ಲಿ ಆರಿಸಿಕೊಳ್ಳತಕ್ಕದ್ದು. ಒಮ್ಮೆ ಆರಿಸಿದ್ದನ್ನು ಯಾವ ಕಾರಣಕ್ಕೂ ಬದಲಿಸುವಂತಿಲ್ಲ. ಮೂರರ ಮುಂದೆಯೂ 'ಉದ್ಯೋಗಾವಕಾಶ ಹೇರಳ' ಎಂದೇ ಬರೆದಿತ್ತು. ಸೀರೆ ಅಂಗಡಿಯವರು ಕೂಡ ಕೊಳ್ಳುವ ಮೊದಲು ಮಡಿಕೆ ಬಿಚ್ಚಿ ತೋರಿಸುತ್ತಾರೆ. ಕಣ್ಣಿಂದ ನೋಡಿರದ ವಿದ್ಯೆಯನ್ನು ಯಾವ ಆಧಾರದ ಮೇಲೆ ಆರಿಸಬೇಕಿತ್ತು, ಮಾನ್ಯರೇ?

ನಮ್ಮ ಅತಿಥಿ ಉಪನ್ಯಾಸಕ ವಿಶಾಲ ಸರ್ ಅವರನ್ನು ಕೇಳಿದೆ. "ಯಾವುದಾರ ತಗೋವಾ, ಚೊಲೋತ್ನಾಗ ಕಲಿ. ಯಾವುದಕ್ಕ ನೌಕರಿ ಸಿಗತೈತಿ ಅನ್ನೂದು ನನಗ ಗೊತ್ತಿದ್ರ ನಾ ಇನ್ನೂ ಗೆಸ್ಟ್ ಆಗಿ ಇರ್ತಿದ್ನೇನು?" ಅಂದರು. ಗೆಳತಿ ಜೈಬುನ್ನೀಸಾ ಪೈಥಾನ್ ತೆಗೆದುಕೊಂಡಳು. ಯಾಕೆಂದು ಕೇಳಿದರೆ ಪಟ್ಟಿಯಲ್ಲಿ ಅದೇ ಮೊದಲಿತ್ತು ಅಂದಳು. ವೆಬ್ ಡಿಸೈನ್ ಬೇಡವೆನಿಸಿತ್ತು; ಉಳಿದೆರಡರಲ್ಲಿ ಯಾವುದೆಂದು ತಿಳಿಯದೆ ನನಗೆ ಊಟ ಸೇರದಾಯಿತು. ಆರನೆಯ ದಿನ ನಮ್ಮವ್ವ ಅಮೃತವ್ವ ನನ್ನ ಕೈ ಹಿಡಿದುಕೊಂಡು ಬೀರಲಿಂಗನ ಗುಡಿಗೆ ಪ್ರಸಾದ ಕೇಳಲು ಹೊರಟಳು. ತಮ್ಮಂಥವರಿಗಾಗಿ ವಿವರಿಸುತ್ತೇನೆ. ದೇವರ ಮೈಗೆ ಒದ್ದೆ ಹೂ ಹಚ್ಚಿ ಮನಸ್ಸಿನ ಮಾತು ಕೇಳುತ್ತಾರೆ; ಬಲಗಡೆಯ ಹೂ ಬಿದ್ದರೆ ದೇವರು ಒಪ್ಪಿದ ಹಾಗೆ.

"ಏನ್ ಕೇಳೂಣವ್ವಾ, ಲಗ್ನದ್ದೋ ಬೋರಿಂದೋ?" ಎಂದರು ಪೂಜಾರಿ.

"ಮಗಳು ಜಾವಾ ಕಲೀಬೇಕೋ ಪೈಥಾನ್ ಕಲೀಬೇಕೋ, ಕೇಳ್ರಿ."

ಪೂಜಾರಿ ಎರಡು ಸೇವಂತಿಗೆ ನೀರಿಗೆ ಅದ್ದಿದರು. "ಮೊದಲ ಜಾವಾ ಕೇಳ್ತೀನಿ. ಎಡಕ್ಕ ಕೊಟ್ರ ಇನ್ನೊಂದು," ಅಂದರು. ಅರ್ಧ ತಾಸು ಕೂತೆವು. ಬಲಗಡೆಯ ಸೇವಂತಿಗೆ ಬಿತ್ತು.

ನಗಬಹುದು, ನಗಿರಿ. ಆದರೆ ತಮ್ಮ ಏಳು ದಿನಗಳಲ್ಲಿ ನನಗೆ ಒಂದು ಸ್ಪಷ್ಟ ಉತ್ತರ ಕೊಟ್ಟದ್ದು ಬೀರಲಿಂಗ ಮಾತ್ರ. ಮರುದಿನ ಜಾವಾ ಎಂದು ಒತ್ತಿದೆ.

ಆಮೇಲೆ ಆದದ್ದನ್ನು ನಾನೂ ನೆನೆಸಿರಲಿಲ್ಲ. ನನಗೆ ಆ ವಿದ್ಯೆ ಹಿಡಿಸಿಬಿಟ್ಟಿತು. ಮೂರು ಮಂದಿಗೊಂದು ಕಂಪ್ಯೂಟರು. ಕರೆಂಟು ಹೋದರೆ ವಿಶಾಲ ಸರ್ ಹಲಗೆಯ ಮೇಲೆ ಬರೆಸುತ್ತಿದ್ದರು. ಒಂದು ಚುಕ್ಕೆ ಬಿಟ್ಟರೆ ಮುನಿಸಿಕೊಂಡು ಕೂರುವ, ಸರಿ ಬರೆದರೆ ಹೇಳಿದಂತೆ ಕೇಳುವ ಆ ಯಂತ್ರದ ಮೇಲೆ ನನಗೆ ಪ್ರೀತಿ ಹುಟ್ಟಿತು. ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ ಒಂದು ಸಣ್ಣ ಕಚೇರಿ ಇದೆ, ಆಸ್ಪತ್ರೆಗಳ ಸರದಿ ಚೀಟಿಗೆ ಪ್ರೋಗ್ರಾಮ್ ಬರೆದುಕೊಡುತ್ತಾರೆ. ಅದನ್ನು ನಡೆಸುವ ಅಝೀಮ ಅವರು ನನ್ನಿಂದ ಎದುರಿಗೇ ಬರೆಸಿ ನೋಡಿದರು. "ಪಾಸಾದ ಜಾವಾ ಸರ್ಟಿಫಿಕೇಟ್ ತೊಗೊಂಡು ಬರ್ರಿ, ಕೆಲಸ ನಿಮ್ದ. ತಿಂಗಳ ಕೊನೀತನಕ ಮಾತ್ರ ಕಾಯ್ತೀನಿ," ಅಂದರು. ನಮ್ಮಪ್ಪ ಪುಂಡಲೀಕಪ್ಪ ಎಂದೂ ಹೆಚ್ಚು ಮಾತಾಡುವವರಲ್ಲ. "ದಿನಾ ಮನಿಗೆ ಬರೂದಾದ್ರ ಭಾಳ ಚೊಲೋ ಆತವಾ," ಎಂದು ಎರಡು ಸಲ ಹೇಳಿದರು.

ಮೊನ್ನೆ ಹಾಲ್ ಟಿಕೆಟ್ ಬಂತು. ಪ್ರಿನ್ಸಿಪಾಲರು ಪೋರ್ಟಲ್ ಕೆದಕಿದಾಗ ತಿಳಿದದ್ದಿಷ್ಟು: ಜಾವಾ ತಂಡಕ್ಕೆ ಹದಿನೈದು ಮಂದಿ ಬೇಕಿತ್ತು, ನಾವು ಹದಿನಾಲ್ಕು ಮಂದಿ ಇದ್ದೆವು, ಆದ್ದರಿಂದ ನಮ್ಮನ್ನು ಆಗಲೇ ವೆಬ್ ಡಿಸೈನಿಗೆ ಸೇರಿಸಲಾಗಿದೆ. ಬದಲಾವಣೆಯ ಕಾರಣದ ಜಾಗದಲ್ಲಿ 'ವಿದ್ಯಾರ್ಥಿಯ ಸ್ವಂತ ಇಚ್ಛೆ' ಎಂದಿದೆ. ನಮಗೂ ಹೇಳಲಿಲ್ಲ, ಕಲಿಸುವವರಿಗೂ ಹೇಳಲಿಲ್ಲ. ಆರಿಸಿದ್ದನ್ನು ಬದಲಿಸುವಂತಿಲ್ಲ ಎಂಬ ಕಟ್ಟಳೆ ನಮಗೆ ಮಾತ್ರವೇ? ದೇವರು ಬಲಕ್ಕೆ ಕೊಟ್ಟದ್ದನ್ನೂ ತಮ್ಮ ಕಚೇರಿ ಎಡಕ್ಕೆ ತಿರುಗಿಸಿತಲ್ಲ, ಆ ಸಾಮರ್ಥ್ಯಕ್ಕೆ ಏನೆನ್ನಬೇಕು?

ಫೋನ್ ಮಾಡಿದೆ. ತಮ್ಮ ಸಿಬ್ಬಂದಿ, "ಅದು ಸಿಸ್ಟಮ್ ಮಾಡಿದ್ದರೀ, ನಾವಲ್ಲ," ಅಂದರು. ಮಾನ್ಯರೇ, ಈ ಮಾತನ್ನು ಬೇರೆ ಯಾರಿಗಾದರೂ ಹೇಳಿ. ಯಂತ್ರ ತಾನಾಗಿ ಏನನ್ನೂ ಮಾಡುವುದಿಲ್ಲ ಎಂಬುದನ್ನು ನಾನು ಆರು ತಿಂಗಳು ಕಲಿತಿದ್ದೇನೆ. ಹದಿನೈದಕ್ಕಿಂತ ಕಡಿಮೆ ಇದ್ದರೆ ಇವರನ್ನು ಬೇರೆಡೆಗೆ ತಳ್ಳು ಎಂದು ಯಾರೋ ಬರೆದಿದ್ದಾರೆ. ತಳ್ಳಿದ ಮೇಲೆ ಅವರಿಗೊಂದು ಮಾತು ತಿಳಿಸು ಎಂದು ಬರೆಯುವುದನ್ನು ಮರೆತಿದ್ದಾರೆ. ನಾನು ಹೀಗೆ ಬರೆದಿದ್ದರೆ ವಿಶಾಲ ಸರ್ ಅಂಕ ಕೊಡುತ್ತಿರಲಿಲ್ಲ.

ನನಗೆ ದಿಕ್ಕು ತೋಚುತ್ತಿಲ್ಲ. ಹನ್ನೊಂದು ದಿನಗಳಲ್ಲಿ ವೆಬ್ ಡಿಸೈನ್ ಕಲಿತು ಹೇಗೋ ಪಾಸಾದರೂ ಆ ಸರ್ಟಿಫಿಕೇಟ್ ಬೆಟಗೇರಿಯಲ್ಲಿ ನಡೆಯದು. ಈ ಕೋರ್ಸು ಕಡ್ಡಾಯ, ಫೇಲಾದರೆ ಡಿಗ್ರಿಯೂ ಇಲ್ಲ. ಮನೆಯಲ್ಲಿ ಇನ್ನೂ ಹೇಳಿಲ್ಲ. ಅವ್ವ ರೊಟ್ಟಿ ಬಡಿಯುತ್ತ, "ಅಭ್ಯಾಸ ಎಲ್ಲೀಮಟಾ ಬಂತವಾ?" ಎನ್ನುತ್ತಾಳೆ. "ಮುಗೀತ ಬಂತಬೇ," ಎಂದು ಸುಳ್ಳು ಹೇಳಿ ಹೊರಗೆ ಬಂದು ಅಳುತ್ತೇನೆ.

ನಾನು ಕೇಳುವುದು ತನಿಖೆಯಲ್ಲ, ಯಾರ ಅಮಾನತೂ ಅಲ್ಲ. ನಮ್ಮ ಹದಿನಾಲ್ಕು ಹೆಸರುಗಳ ಮುಂದೆ ವೆಬ್ ಡಿಸೈನ್ ಅಳಿಸಿ ಜಾವಾ ಎಂದು ಬರೆಸಿ, ಜಾವಾ ಪ್ರಶ್ನೆಪತ್ರಿಕೆ ಕೊಡಿ. ಇದನ್ನು ತಿದ್ದುವುದು ತಮ್ಮ ಕಚೇರಿಯಲ್ಲಿ ಯಾರಿಗೂ ಬರುವುದಿಲ್ಲವೆಂದರೆ ಅದನ್ನಾದರೂ ಹೇಳಿ. ಮೊದಲ ಬಸ್ಸಿಗೆ ಹೊರಟು ಬರುತ್ತೇನೆ, ತಮ್ಮೆದುರಿಗೇ ಕೂತು ತಿದ್ದಿಕೊಡುತ್ತೇನೆ. ಅಷ್ಟು ನನಗೆ ಬರುತ್ತದೆ.

ಇಂತಿ,
ತಮ್ಮ ದಾಖಲೆಯ ಪ್ರಕಾರ ಸ್ವಂತ ಇಚ್ಛೆಯಿಂದ ಕೋರ್ಸು ಬದಲಿಸಿಕೊಂಡ
ಕಾವೇರಿ ಪುಂಡಲೀಕಪ್ಪ, ಹೊಂಬಳ